ಮಾತು ಬಿಟ್ಟವರ ಪ್ರಬಂಧ

ಬೈಂಡಿಂಗ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಮಾನವಶಾಸ್ತ್ರ ಓದುವ ಹುಡುಗಿ, ಜತೆಗೆ ಅವಳ ಚಿಕ್ಕಮ್ಮ. ಕೈಯಲ್ಲಿದ್ದ ಆನರ್ಸ್ ಪ್ರಬಂಧದ ವಿಷಯ: ಮಾತು ಬಿಟ್ಟವರು ಒಂದೇ ಮನೆಯಲ್ಲಿ ಬದುಕುವ ಬಗೆ.

“ಇದ್ರಲ್ಲಿರೋ ‘ಕಿರಿಯಾಕೆ’ ನಾನೇ ತಾನೆ?”

“ಹೆಸರು ಗುಟ್ಟು, ಚಿಕ್ಕಮ್ಮ.”

“ಆಹಾ! ಅಕ್ಕನಿಗೆ ಹೇಳೋದನ್ನೆಲ್ಲ ನಾಲ್ಕು ವರ್ಷದಿಂದ ಬೆಕ್ಕಿಗೆ ಹೇಳೋಳು ಇನ್ಯಾರಿದ್ದಾರೆ? ಅದಿರಲಿ, ನಿಮ್ಮಮ್ಮ ನನ್ನ ಬಗ್ಗೆ ಏನಂದ್ಲು?”

“ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ. ನಲವತ್ತನೇ ಪುಟ ತೆಗೀರಿ.”

ಚಿಕ್ಕಮ್ಮ ಕನ್ನಡಕ ಏರಿಸಿ ಓದಿದರು.

“‘ಅವಳೇ ಮೊದಲು ಮಾತಾಡ್ಲಿ ಅಂತ ಕಾಯ್ತಿದ್ದೀನಿ’ ಅಂದಿದ್ದಾಳಲ್ಲೇ!”

“ನೀವೂ ಅದನ್ನೇ ಅಂದಿದ್ರಿ. ಐವತ್ತನೇ ಪುಟ.”

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಆಮೇಲೆ ಕಣ್ಣನ್ನೂ.

“ಇನ್ನೊಂದು ಪ್ರತಿ ಮಾಡಿಸು.”

“ಯಾರಿಗೆ?”

“ಬೆಕ್ಕಿಗೆ!” ಎಂದು ಗದರಿ, ಅವಳನ್ನು ಕೌಂಟರಿನತ್ತ ಎಳೆದುಕೊಂಡು ಹೋದರು.