ಹಲ್ಲಿನ ಕಚ್ಚು, ಕತ್ತಿನ ಮೂಳೆ

ಮೂಳೆ ಪರೀಕ್ಷೆಯ ಕೋಣೆಯ ಹೊರಗೆ ಅತ್ತೆ ಸೊಸೆ ಕೂತಿದ್ದರು. ಮೂರು ವರ್ಷದ ಹಿಂದೆ ಕಾಣೆಯಾದ ದರ್ಜಿಯ ತಾಯಿ ಮತ್ತು ಹೆಂಡತಿ. ಪಾಯ ಅಗೆಯುವಾಗ ಸಿಕ್ಕ ಮೂಳೆಗಳು ಅವನವೋ ಅಲ್ಲವೋ ಎಂದು ಇವರು ಹೇಳಬೇಕಿತ್ತು. ಮೂಳೆಗಳು ಬಾಯಿಬಿಡುವ ಅಜ್ಜಿಕಥೆ ಕೇಳಿ ಬೆಳೆದ ಹುಡುಗಿಯೊಬ್ಬಳು, ಬೇರೇನೋ ಕೆಲಸಕ್ಕೆ ಬಂದವಳು, ಪಕ್ಕದಲ್ಲೇ ಕಿವಿಯಾಗಿ ಕೂತಿದ್ದಳು.

“ಅವರದಲ್ಲ ಅತ್ತೆ. ಕತ್ತಿನ ಮೂಳೆ ಸವೆದಿದೆ, ವರ್ಷಗಟ್ಟಲೆ ತಲೆ ಮೇಲೆ ಮೂಟೆ ಹೊತ್ತೋರದು ಅಂದ್ರಲ್ಲ ಡಾಕ್ಟ್ರು. ನಿಮ್ಮ ಮಗ ಒಂದು ಕೊಡ ನೀರು ಎತ್ತಿದ್ದುಂಟಾ?”

“ಮುಂದಿನ ಹಲ್ಲಲ್ಲಿ ಕಚ್ಚು ಇದೆಯಂತಲ್ಲೇ. ದಾರ ಕಡಿದು ಕಡಿದು ಬಿದ್ದದ್ದು.”

“ದರ್ಜಿಗಳಿಗೇನು ಬರವಾ?”

“ಕತ್ತರಿ ಕೈಲಿಟ್ಕೊಂಡೇ ಹಲ್ಲಲ್ಲಿ ಕಡಿಯೋನು ಅವನೊಬ್ಬನೇ. ಇಲಿ ಅಂತ ನೀನೇ ಆಡ್ಕೋತಿದ್ದೆ.”

“ಮತ್ತೆ ಮೂಟೆ? ಮೂಟೆ ಯಾರು ಹೊತ್ತಿದ್ದು, ಹೇಳಿ.”

ಅತ್ತೆ ನೆಲ ನೋಡಿದರು.

“ಅವನೇ ಕಣೇ. ಅಂಗಡಿ ಮುಚ್ಚಿದ ಮೇಲೆ ಎಂಟು ವರ್ಷ. ಟೇಪು ಕೊರಳಿಗೆ ಹಾಕ್ಕೊಂಡು ಮನೆಯಿಂದ ಹೊರಡೋನು, ಹೋಗ್ತಿದ್ದದ್ದು ಗೋದಾಮಿಗೆ. ನಿನಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ.”

“ದಿನಾ ಕತ್ತು ತಿಕ್ಕಿಕೊಡ್ತಿದ್ದೆನಲ್ಲ ಅತ್ತೆ. ಬಗ್ಗಿ ಹೊಲಿದು ನೋವು ಅಂತಿದ್ರು.”

ಜವಾನ ಬಾಗಿಲು ತೆರೆದು ಕರೆದ. ಅತ್ತೆ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದರು.

“ಒಳಗೆ ನೀವೇ ಹೇಳಿ ಅತ್ತೆ,” ಎಂದಳು ಸೊಸೆ. “ನನ್ನ ಬಾಯಿಂದ ಬರಲ್ಲ.”

ಇಬ್ಬರೂ ಒಳಗೆ ಹೋದರು.