ಹ್ಯಾಂಡ್‌ಬ್ರೇಕಿನ ನಾಲ್ಕನೆಯ ಹಲ್ಲು

ಗಬ್ಬೂರ ಕ್ರಾಸಿನಲ್ಲಿ ಕೊನೆಯ ಬಸ್ಸು ಇಳಿದರೆ ಮನೆ ಮುಟ್ಟಲಿಕ್ಕೆ ಇಪ್ಪತ್ತು ನಿಮಿಷದ ಹಾದಿ. ಬೈಪಾಸಿನ ದೀಪ ಹಿಂದೆ ಉಳಿಯುತ್ತದೆ. ಇಳಿಜಾರು ಸುರುವಾಗುತ್ತದೆ. ಇಳಿಜಾರಿನ ಬುಡದಲ್ಲಿ ಆಲದ ಮರ, ಅದರ ಬಗಲಿಗೆ ಹಾಳುಬಾವಿ. ನಮ್ಮ ಚಿಗವ್ವನ ಮಗ ಹನಮೇಶ ಹತ್ತು ವರ್ಷ ಆ ಹಾದಿ ತುಳಿದವನು, ಒಮ್ಮೆಯೂ ಬಾವಿಯ ಕಡೆ ಕತ್ತು ಹೊರಳಿಸಿದವನಲ್ಲ. ಡ್ರೈವರ್ ಮನುಷ್ಯ. ಹಗಲೆಲ್ಲ ಹಿಂದಿನ ಸೀಟಿನ ಮಂದಿಯನ್ನು ಕನ್ನಡಿಯಲ್ಲಿ ನೋಡಿ ಬಂದವನಿಗೆ ರಾತ್ರಿ ದೆವ್ವಕ್ಕೆ ಹೆದರುವಷ್ಟು ಪುರಸೊತ್ತು ಎಲ್ಲಿಂದ ಬರಬೇಕು?

ಎರಡು ಸಾವಿರದ ಒಂಬತ್ತು, ದೀಪಾವಳಿ ಮುಗಿದು ಒಂದು ವಾರ. ಅವನು ಮರದ ನೆರಳಿಗೆ ಬಂದಿದ್ದನಷ್ಟೆ… ಬೊಡ್ಡೆಯ ಆಚೆಯಿಂದ, ಕಾರಿನ ಕಿಟಕಿಗೆ ಬಾಗಿ ಕೇಳುವಷ್ಟೇ ಸಣ್ಣ ದನಿಯಲ್ಲಿ, ಯಾರೋ ಕೇಳಿದರು.

"ಜಗ್ಗಿದ್ಯಾ?"

ಹನಮೇಶನಿಗಿಂತ ಮೊದಲು ಅವನ ನಾಲಿಗೆ ಉತ್ತರ ಕೊಟ್ಟಿತು. "ಜಗ್ಗೇನ್ರಿ, ಚಾಚಾ."

ಅಷ್ಟೇ. ಹಿಂದೆ, ಏರಿನ ತುದಿಯಲ್ಲಿ… ಚರ್… ಚರ್… ಚರ್ರ್… ಟಾಯರಿನ ಕೆಳಗೆ ಗರಸು ನುರಿಯುವ ಸಪ್ಪಳ. ಇಂಜಿನ್ನಿನ ಸದ್ದಿಲ್ಲ. ಬೆಳಕಿಲ್ಲ. ಏನೋ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು.

ಅವನು ಓಡಿದ. ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಆ ದನಿ ಯಾರದೆಂದು ಅವನಿಗೆ ಗೊತ್ತಿತ್ತು. ಅವರನ್ನು ಹೂಳಿ ಬಂದು ಹದಿನೆಂಟು ದಿನವಾಗಿತ್ತು.

ಮಕಬೂಲಸಾಬರು ವಿದ್ಯಾನಗರದ ಹತ್ತಿ ವ್ಯಾಪಾರಿಯ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಅಂಬಾಸಿಡರ್ ಓಡಿಸಿದವರು. ಹನಮೇಶನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರೂ ಅವರೇ. ಅವರದೊಂದು ಕಟ್ಟಳೆ ಇತ್ತು. ಇಳಿಜಾರಿನಲ್ಲಿ ನಿಂತ ಗಾಡಿಯ ಮುಂದೆ ಹಾಯುವ ಮೊದಲು ನಿಂತು ಕೇಳಬೇಕು: ಜಗ್ಗಿದ್ಯಾ? ಒಳಗೆ ಕೂತವನು ಹ್ಯಾಂಡ್‌ಬ್ರೇಕನ್ನು ನಾಲ್ಕು ಹಲ್ಲಿನ ತನಕ ಎಳೆದು, ಜಗ್ಗೇನ್ರಿ ಅನ್ನಬೇಕು. ಕರ್, ಕರ್, ಕರ್, ಕರ್. ಮುದುಕರು ಹೊರಗೆ ನಿಂತೇ ಎಣಿಸುತ್ತಿದ್ದರು. ಒಂದು ಕಡಿಮೆ ಬಿದ್ದರೆ ಮತ್ತೆ ಜಗ್ಗಿಸುತ್ತಿದ್ದರು. ಮೂರು ಹಲ್ಲಿಗೆ ಕುರಿ ನಿಂತಾವು, ಗಾಡಿ ನಿಂದ್ರಂಗಿಲ್ಲ ಅಂತ ಬೈಯುತ್ತಿದ್ದರು.

ವಯಸ್ಸಾದ ಮೇಲೆ ಅವರನ್ನು ಗಬ್ಬೂರಿನ ಜಿನ್ನಿಂಗ್ ಫ್ಯಾಕ್ಟರಿಗೆ ಕಾವಲಿಗೆ ಹಾಕಿದರು. ವ್ಯಾಪಾರಿ ತೀರಿಕೊಂಡ, ಮಗ ಗುರುಪಾದನ ಕಾಲ ಬಂತು, ಅವನ ಹಿಂದೆ ಪುಣೆಯಿಂದ ಒಂದು ಫಾರಿನ್ ಕಾರೂ ಬಂತು; ಅದನ್ನು ಓಡಿಸುವ ಕೆಲಸ ಹನಮೇಶನದು. ಅದರಲ್ಲಿ ಜಗ್ಗಲು ಏನೂ ಇಲ್ಲ. ಎರಡು ಸೀಟಿನ ನಡುವೆ ಹೆಬ್ಬೆಟ್ಟಿನಷ್ಟು ಬಟನ್. ಬೆರಳಿನಿಂದ ಎತ್ತಿದರೆ ಹಿಂದೆಲ್ಲೋ ಝೂಂಯ್… ಟಕ್. ಮೀಟರಿನಲ್ಲಿ ಕೆಂಪು ದೀಪ. ಎತ್ತದಿದ್ದರೂ ನಡೆದೀತು, ಇಂಜಿನ್ ಬಂದ್ ಮಾಡಿದರೆ ಬ್ರೇಕು ತಾನೇ ಹಿಡಿಯುತ್ತದೆ ಅಂತ ಮಾರಿದವನು ಹೇಳಿದ್ದ. ಮಕಬೂಲಸಾಬರು ಹೊರಗಿನಿಂದಲೇ ಬಗ್ಗಿ ಆ ಬಟನ್ನನ್ನು ಬಹಳ ಹೊತ್ತು ನೋಡಿದರು.

"ಹಿಡದೈತೋ ಬಿಟ್ಟೈತೋ ಕೈಗೆ ಗೊತ್ತ ಆಗಂಗಿಲ್ಲಲ್ಲೋ, ಹನಮೇಶಾ."

ಗುರುಪಾದ ನಕ್ಕ. ಚಾಚಾ, ನಿಮಗ ಗ್ಯಾಸಿನ ಒಲಿಗೂ ಊದುಗೊಳವಿ ಬೇಕು ಅಂದ.

ಎರಡು ತಿಂಗಳು ಕಾರು ತಾನೇ ಬ್ರೇಕು ಹಿಡಿಯಿತು. ಹನಮೇಶ ಬಟನ್ ಮುಟ್ಟುವುದನ್ನೇ ಬಿಟ್ಟ.

ಆ ದಿನ ಫ್ಯಾಕ್ಟರಿಯ ಶೆಡ್ಡಿಗೆ ಇಳಿಯುವ ಜಾಗದ ತುದಿಯಲ್ಲಿ ಕಾರು ನಿಲ್ಲಿಸಿ, ಕೀಲಿ ತಿರುವಿ, ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಮೊಬೈಲ್ ತೆಗೆದ. ಶಟರ್ ಎತ್ತಲು ಹೊರಟ ಮುದುಕರು ಬಂಪರಿನ ಹತ್ತಿರ ನಿಂತು ಎಂದಿನಂತೆ ಕೇಳಿದರು. ಇವನು ಕಣ್ಣೆತ್ತದೆ ಎಂದಿನಂತೆ ಹೇಳಿದ. ಜಗ್ಗೇನ್ರಿ. ಗೇರಿನಲ್ಲೂ ಇಟ್ಟಿರಲಿಲ್ಲ. ಕಾರೂ ಆ ದಿನ ತಾನೇ ಹಿಡಿಯಲಿಲ್ಲ; ಝೂಂಯ್ ಅನ್ನಲಿಲ್ಲ, ಟಕ್ ಅನ್ನಲಿಲ್ಲ… ಅದು ಅವನಿಗೆ ನೆನಪಾದದ್ದು ಇಳಿದು ಬಾಗಿಲು ಹಾಕಿದ ಮೇಲೆ. ಅಷ್ಟರಲ್ಲಿ ಕಾರು ಹೊರಟಿತ್ತು. ಮುದುಕರು ಆ ಕಡೆ ಮುಖ ಮಾಡಿ ಶಟರಿನ ಹಿಡಿಗೆ ಬಾಗಿದ್ದರು.

ಧಡ್… ಒಂದೇ ಸಲ. ಆಮೇಲೆ ಶಟರಿನ ತಗಡು ಬಹಳ ಹೊತ್ತು ನಡುಗುತ್ತಿತ್ತು.

ಪೊಲೀಸರ ಮುಂದೆ ಹನಮೇಶ ಬೇರೆ ಹೇಳಿದ. ತಾನು ಬ್ರೇಕು ಹಾಕಿಯೇ ಇಳಿದೆ, ಚಾಚಾ ಕಿಟಕಿಯಿಂದ ಕೈ ಹಾಕಿ ಬಟನ್ ಒತ್ತಿ ನೋಡಿದರು ಅಂತ. ಲೈಸೆನ್ಸು ಹೋಗುತ್ತಿತ್ತು, ಜೈಲಾಗುತ್ತಿತ್ತು, ಮನೆಯಲ್ಲಿ ಹೆಂಡತಿ ಸುಮಲತಾಗೆ ಏಳು ತಿಂಗಳು. ಗುರುಪಾದನಿಗೂ ಆ ಮಾತು ಹಿತವಾಯಿತು; ಕಾರಿನ ತಪ್ಪೂ ಅಲ್ಲ, ಮಾಲೀಕನ ತಪ್ಪೂ ಅಲ್ಲ. ಬಟನ್ ಜೊತೆ ಆಟ ಆಡಲಿಕ್ಕೆ ಹೋಗಿ ಸತ್ತ ಮುದುಕ ಅಂತ ಚಹಾದಂಗಡಿಯಲ್ಲಿ ಮಂದಿ ನಕ್ಕರು. ಮುದುಕರ ಹೆಂಡತಿ ಶರೀಫಾಬಿ ಮಾತ್ರ ಹನಮೇಶನ ಮುಖ ನೋಡಿ ಒಂದೇ ಮಾತು ಹೇಳಿದ್ದಳು. "ಅವರು ಇನ್ನೊಬ್ರ ಗಾಡ್ಯಾಗ ಕೈ ಹಾಕಿದವರಲ್ಲಪಾ."

ಎರಡನೆಯ ರಾತ್ರಿ ಹನಮೇಶ ಹಲ್ಲು ಕಚ್ಚಿಕೊಂಡು ಬಂದ. ಕೇಳಿದ ಕೂಡಲೆ ಬಾಯಿ ತಾನೇ ತೆರೆಯಿತು. ಈ ಸಲ ಚರ್ ಚರ್ ಅರ್ಧ ಇಳಿಜಾರಿನಿಂದಲೇ ಸುರುವಾಯಿತು. ಮೂರನೆಯ ರಾತ್ರಿ ಆಟೋ ಹಿಡಿದ. ಮರದ ಹತ್ತಿರ ಆಟೋದವನು ಗಾಡಿ ನಿಧಾನ ಮಾಡಿ, ಹಿಂದೆ ತಿರುಗಿ ಪಿಸುಗುಟ್ಟಿದ.

"ಅಣ್ಣಾ… ಏನ ಜಗ್ಗಿದ್ಯಾ ಅಂತ ಕೇಳಾಕತ್ತಾರ ಅವರು?"

ಆ ರಾತ್ರಿ ಸುಮಲತಾ ಅವನನ್ನು ಅಲುಗಿಸಿ ಎಬ್ಬಿಸಿದಳು. ದೀಪ ಹಚ್ಚಲಿಲ್ಲ.

"ನಿದ್ದಿಗಣ್ಣಾಗ ಜಗ್ಗೇನ್ರಿ ಅಂತೀರಿ… ಯಾರಿಗ?"

"ಮಲಕೋ."

"ನೀವು ಅಂದ ಕೂಡ್ಲೆ ಹೊರಗ ಏನೋ ಉರುಳಾಕ ಹತ್ತತೈತ್ರಿ. ನಿನ್ನೆ ದೂರಿತ್ತು. ಇವತ್ತ ನಮ್ಮ ಗ್ವಾಡಿತನಾ ಬಂತು."

ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಕತ್ತಲಲ್ಲೇ ಅವನು ಎಲ್ಲ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಅವನ ಕಡೆ ಹೊರಳಿ ಅಂದಳು:

"ಹಂಗಾರ ಇಲ್ಲಾ ಅನ್ರಿ."

ಮರುದಿನ ರಾತ್ರಿ ಜಿಟಿಜಿಟಿ ಮಳೆ. ಹನಮೇಶ ತಾನೇ ಹೋಗಿ ಮರದ ಕೆಳಗೆ, ಏರಿಗೆ ಮುಖ ಮಾಡಿ ನಿಂತ. ಮೊದಲು ಏನೂ ಇಲ್ಲ. ಬಾವಿಯಲ್ಲಿ ಹನಿ ಬೀಳುವ ತೊಟ್… ತೊಟ್… ಅಷ್ಟೆ. ಆಮೇಲೆ…

"ಜಗ್ಗಿದ್ಯಾ?"

ನಾಲಿಗೆಯನ್ನು ರಕ್ತ ಬರುವಂತೆ ಕಚ್ಚಿ ಹಿಡಿದ. ಆದರೂ ಏರಿನ ಮೇಲಿನ ಆ ಭಾರ ಹೊರಟಿತು. ಹಸಿ ಎರೆಮಣ್ಣಿನಲ್ಲಿ ಪಚ್… ಪಚ್… ಪಚ್… ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಮಳೆ ಎಲ್ಲೋ ತಗಡಿನ ಮೇಲೆ ಬೀಳುತ್ತಿತ್ತು, ಟಣ ಟಣ ಟಣ… ಆ ಬಯಲಿನಲ್ಲಿ ತಗಡೇ ಇರಲಿಲ್ಲ. ಆ ಟಣ ಟಣ ಹತ್ತಿರ ಹತ್ತಿರ ಬಂತು.

"ಇಲ್ರಿ ಚಾಚಾ," ಅಂದ. "ನಾ ಜಗ್ಗಿಲ್ರಿ. ನೀವು ಕೈ ಹಾಕಿಲ್ಲ. ನಾ ಸುಳ್ಳು ಹೇಳೇನಿ."

ಕರ್… ಕರ್… ಕರ್…

ಮೂರು. ಅವನು ಉಸಿರು ಹಿಡಿದು ನಿಂತ. ಎದುರಿಗಿನ ಭಾರ ಇನ್ನೂ ಜಾರುತ್ತಿತ್ತು. ಮೊಣಕಾಲಿಗೆ ಬಿಸಿ ಗಾಳಿ ತಾಗಿತು.

"ಪೊಲೀಸರ ಮುಂದೂ ಹೇಳತೇನ್ರಿ."

ಕರ್.

ಮಳೆ ನಿಂತಿತು. ಅವನು ಮನೆಗೆ ಹೋಗಲಿಲ್ಲ. ನಸುಕಿನಲ್ಲಿ ಶರೀಫಾಬಿಯ ಬಾಗಿಲಿಗೆ ಹೋಗಿ, ಅವಳ ಮೈದುನ ಫಕ್ರುಸಾಬನ ಎದುರಿಗೇ ಎಲ್ಲ ಒಪ್ಪಿಕೊಂಡ. ಅವಳು ಶಾಪ ಹಾಕಲಿಲ್ಲ. ಒಳಗೆ ಬಾ ಅಂತಲೂ ಅನ್ನಲಿಲ್ಲ. ಠಾಣೆಗೆ ಕರಕೊಂಡು ಹೋಗು ಅಂತ ಮೈದುನನಿಗೆ ಹೇಳಿ ಬಾಗಿಲು ಮುಂದೆ ಮಾಡಿಕೊಂಡಳು. ಹನಮೇಶನಿಗೆ ಒಂದೂವರೆ ವರ್ಷ ಆಯಿತು. ಮಗಳು ಹುಟ್ಟಿದಾಗ ಅವನು ಒಳಗಿದ್ದ. ಹೊರಗೆ ಬಂದ ಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ.

ಇದನ್ನು ನಂಬದವರು ಫಕ್ರುಸಾಬನನ್ನು ಕೇಳಬೇಕು. ನಲವತ್ತು ವರ್ಷದ ಮೆಕ್ಯಾನಿಕ್, ದೆವ್ವಗಿವ್ವ ಅಂದರೆ ಉಗುಳಿ ಎದ್ದು ಹೋಗುವ ಆಸಾಮಿ. ಅವತ್ತು ಠಾಣೆಯಿಂದ ನೇರ ಆ ಇಳಿಜಾರಿಗೆ ಹೋಗಿದ್ದ, ಹನಮೇಶನ ದೆವ್ವದ ಮಾತು ಹಸಿ ಸುಳ್ಳು ಅಂತ ತೋರಿಸಲಿಕ್ಕೆ. ಹಸಿ ಮಣ್ಣಿನಲ್ಲಿ ಗಾಲಿಯ ಗುರುತು ಇತ್ತು. ಬೈಪಾಸಿನಿಂದ ಬಂದದ್ದಲ್ಲ, ಏರಿನ ನಡುವೆಯೇ ಸುರುವಾಗಿ ಹನಮೇಶನ ಹೆಜ್ಜೆಯ ಗುರುತಿಗೆ ಒಂದು ಗೇಣು ಈಚೆ ನಿಂತಿತ್ತು. ಮುಂದಿನ ಗಾಲಿಗಳು ನಿಂತಲ್ಲಿ ಟಾಯರಿನ ಅಚ್ಚು ಸ್ವಚ್ಛ. ಹಿಂದಿನವು ಎರಡು ಮಾತ್ರ ಮೊಳದುದ್ದ ಮಣ್ಣು ಕೆರೆದಿದ್ದವು. ಕಾಲಿನಿಂದ ಬ್ರೇಕು ಒತ್ತಿದರೆ ನಾಲ್ಕೂ ಕೆರೆಯಬೇಕು; ಹಿಂದಿನೆರಡನ್ನೇ ಹಿಡಿಯುವುದು ಹ್ಯಾಂಡ್‌ಬ್ರೇಕು. ಫಕ್ರುಸಾಬ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಗಾಡಿ ಹಿಂದಕ್ಕೆ ಹೋದ ಗುರುತು ಎಲ್ಲೂ ಇರಲಿಲ್ಲ.