ದ್ಯಾಮಕ್ಕನ ಮೂವತ್ತೆಂಟು ಆಜ್ಞೆ

ತಾಯಂದಿರೇ, ಅಣ್ಣಂದಿರೇ, ಹಿಂದೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದವರೇ, ಸ್ವಲ್ಪ ಇತ್ತ ಕೇಳಿ. ಒಂದು ಪೇಟೆ. ಆ ಪೇಟೆಗೆ ನೀರು ಬಿಡೋದು ಒಂದು ಹಳೇ ಕಂಪ್ಯೂಟರು. ಎಷ್ಟು ಹಳೇದು? ಅದನ್ನು ಮಾಡಿದ ಕಂಪನಿ ಮುಚ್ಚಿಯೇ ಇಪ್ಪತ್ತು ವರ್ಷ! ಅದರ ಮುಂದೆ ಕೂರೋಳು ದ್ಯಾಮಕ್ಕ. ದಿನಾ ಬೆಳಿಗ್ಗೆ ಮೂವತ್ತೆಂಟು ಆಜ್ಞೆ ಕೈಯಾರೆ ಟೈಪು ಮಾಡಬೇಕು. ಒಂದೊಂದು ಆಜ್ಞೆಗೆ ಒಂದೊಂದು ಓಣಿಯ ವಾಲ್ವು ತೆರೆಯುತ್ತದೆ. ಹನ್ನೊಂದು ವರ್ಷ, ನೋಡಿ, ಒಂದು ದಿನ ರಜೆ ಇಲ್ಲ. ಮೊದಲ ಮೊಮ್ಮಗನ ತೊಟ್ಟಿಲಿಗೂ ಹೋಗಲಿಲ್ಲ.

ಆ ಮೂವತ್ತೆಂಟನ್ನೂ ಕಂಪ್ಯೂಟರಿನೊಳಗೆ ಒಂದೇ ಕಡತದಲ್ಲಿ ಬರೆದಿಟ್ಟರೆ ಯಂತ್ರ ತಾನೇ ಓದಿಕೊಂಡು ಮಾಡುತ್ತದೆ. ಹಾಗೆ ಬರೆಯೋಕೆ ಕಂಪ್ಯೂಟರಿಗೆ ತಿಳಿಯೋ ಒಂದು ಭಾಷೆ ಬೇಕು; ಪೈಥಾನ್, ಪರ್ಲ್ ಅಂತ ಅಂಥವು ಹತ್ತಾರಿವೆ. ಅದಕ್ಕೇ ಇಬ್ಬರು ಎಂಜಿನಿಯರು ಬಂದರು, ಅಡಿವೆಪ್ಪ ಮತ್ತು ಸುಬ್ರಾಯ.

"ಪೈಥಾನ್‌ನಾಗೇ ಬರೀಬೇಕು. ಇಡೀ ಲೋಕ ಅದರಾಗೇ ಬರೀತದ," ಅಂದ ಅಡಿವೆಪ್ಪ.

"ಛೆ! ಹಳೇ ಯಂತ್ರಕ್ಕೆ ಪರ್ಲೇ ಸೈ," ಅಂದ ಸುಬ್ರಾಯ.

ಎಷ್ಟು ದಿನ ವಾದ? ಎಂಟು ತಿಂಗಳು! ಚಹಾದಂಗಡಿಯಲ್ಲಿ ವಾದ, ಕ್ಷೌರದಂಗಡಿಯಲ್ಲಿ ವಾದ. ಸುಬ್ರಾಯ ಒಂದು ಸಲ ಅರ್ಧ ಮೀಸೆಯಲ್ಲೇ ಎದ್ದುಹೋದ. ಅಷ್ಟೂ ದಿನ ಟೈಪು ಮಾಡಿದ್ದು ಯಾರು? ದ್ಯಾಮಕ್ಕ. ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಂಡು, ದ್ಯಾಮಕ್ಕ.

ಎರಡನೇ ಮೊಮ್ಮಗುವಿಗೆ ಹೆಸರಿಡೋ ದಿನ ಬಂತು. "ಎರಡು ದಿನ ನೀವೇ ಟೈಪು ಮಾಡ್ರಪ್ಪ. ಹಾಳೆ ಬರೆದಿಟ್ಟೀನಿ," ಅಂದವಳೇ ಬಸ್ಸು ಹತ್ತಿದಳು.

ಇಬ್ಬರೂ ಕೂತರು. ಟೈಪು ಮಾಡುತ್ತಲೂ ವಾದ! ಹನ್ನೆರಡು ಅನ್ನೋ ಕಡೆ ಇಪ್ಪತ್ತೊಂದು ಒತ್ತಿದರು. ಹನ್ನೆರಡು ಗಿರಣಿ ಓಣಿ. ಇಪ್ಪತ್ತೊಂದು ಸ್ಮಶಾನ. ಸಂಜೆತನಕ ಸ್ಮಶಾನಕ್ಕೆ ನೀರು. ಅಲ್ಲಿರೋರು ಯಾರೂ ಕೊಡ ತಂದಿರಲಿಲ್ಲ, ನೋಡಿ!

ಗಿರಣಿ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ಆಫೀಸಿಗೇ ಬಂದರು. "ನೀರು ಸ್ಮಶಾನದಾಗ ಐತಲ್ಲ, ಹೊತ್ತು ತರ್ರಿ," ಅಂದರು. ಎಂಜಿನಿಯರಿಬ್ಬರೂ ಹೊತ್ತರು. ಕೊಡ ಹೊತ್ತಾಗ ವಾದ ನಿಂತಿತೇ? ನಾಲ್ಕನೇ ಸುತ್ತಿಗೆ ನಿಂತಿತು.

ದ್ಯಾಮಕ್ಕ ವಾಪಸು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೇಳಿದಳು: "ಅಲ್ಲೋ ಅಡಿವೆಪ್ಪ, ನಿನ್ನ ಪೈಥಾನು ಈ ಯಂತ್ರದಾಗ ಕೂಡ್ರತದೇನು?"

ಅವನು ನೋಡಿರಲೇ ಇಲ್ಲ. ಹಾಕಿ ನೋಡಿದ. ಯಂತ್ರ ಒಲ್ಲೆ ಅಂತು.

"ಪರ್ಲ್ ಇದರಾಗ ಐತಿ!" ಸುಬ್ರಾಯ ಹತ್ತು ಸಾಲು ಬರೆದೂ ತೋರಿಸಿದ.

"ಮುಂದಿನ ತಿಂಗಳು ನಾ ನಿವೃತ್ತಿ. ಸುಬ್ರಾಯ, ನೀ ವರ್ಗ ಆಗಿ ಹೋಗ್ತಿ. ಆಮೇಲೆ ಇದನ್ನ ಓದೋರು ಯಾರು? ಅಡಿವೆಪ್ಪ, ನೀ ಓದು ನೋಡೋಣ," ಅಂದಳು ದ್ಯಾಮಕ್ಕ.

ಅಡಿವೆಪ್ಪ ಕಣ್ಣು ಕಿರಿದು ಮಾಡಿದ. "ಕೋಳಿ ಕೆದರಿದಂಗ ಐತಿ, ಅಕ್ಕಾ."

"ನಾ ದಿನಾ ಟೈಪು ಮಾಡೋದು ಶೆಲ್ ಭಾಷೆ. ಯಂತ್ರದ ಜೊತೀಗೇ ಬಂದೈತಿ, ಇಲ್ಲಿ ಕೂಡೋರೆಲ್ಲಾ ಓದ್ತಾರ. ಸಾಲು ಸಾಲಾಗಿ ಅದನ್ನೇ ಬರೆದಿಟ್ರ ಆಗೂದಿಲ್ಲೇನು?"

ಎಂಟು ತಿಂಗಳಲ್ಲಿ ಆಕೆಯನ್ನು ಒಬ್ಬರೂ ಕೇಳಿರಲಿಲ್ಲ! ಊಟದ ಹೊತ್ತಿಗೆ ಬರೆದು ಮುಗಿಯಿತು. ಮರುದಿನ ಮೂವತ್ತೆಂಟೂ ವಾಲ್ವು ತಾವೇ ತೆರೆದವು. ದ್ಯಾಮಕ್ಕ ಮನೆಯಲ್ಲಿ ಕೂತು ಬಿಸಿ ಚಹಾ ಕುಡಿದಳು.

ನಗುತ್ತೀರಿ. ನಗಿ. ಈಗ ನಿಮ್ಮ ಮನೆಗೆ ಬರೋಣ. ಮಿಕ್ಸರು ಯಾವುದು ಅಂತ ಮೂವರು ಗಂಡಸರು ಜಗಳ ಆಡ್ತೀರಲ್ಲ, ರುಬ್ಬೋರನ್ನು ಕೇಳಿದಿರಾ? ಭಜನೆ ಯಾವ ರಾಗದಲ್ಲಿ ಅಂತ ಜಗಳ ಮಾಡಿ, ಹೋದ ಶ್ರಾವಣದಿಂದ ಹಾಡೋದನ್ನೇ ಬಿಟ್ಟಿದ್ದೀರಿ. ಯಾರು ಅಂತ ನನಗೆ ಗೊತ್ತಿದೆ, ತಲೆ ತಗ್ಗಿಸಬೇಡಿ. ಇವತ್ತು ಮನೆಗೆ ಹೋದ ಕೂಡಲೇ, ವಾದಕ್ಕೆ ಬಾಯಿ ತೆರೆಯೋ ಮೊದಲು, ಕೆಲಸ ಮಾಡೋರ ಪಕ್ಕ ಒಂದು ಗಳಿಗೆ ಕೂರಿ. "ನಿನಗೆ ಯಾವುದು ಸುಲಭ?" ಅಂತ ಕೇಳಿ. ಕೇಳಿ ಸುಮ್ಮನೆ ಎದ್ದು ಬರಬೇಡಿ. ಅವರು ಹೇಳಿದ್ದನ್ನು ಮಾಡಿ.